ಪಾಪೆನ್ ಪೂಲ್ ಅರ್ಧಕ್ಕೇ ನಿಂತುಬಿಡುತ್ತೆ, ಮಲ್ಟಿಪ್ರೊಸೆಸಿಂಗ್‌ಗೆ ಹೋಗಲಾ?

ಒಮ್ಮೆಗೆ ಎಂಟೇ ಎಫ್‌ಎಫ್‌ಎಂಪೆಗ್ (ವಿಡಿಯೋ ಪರಿವರ್ತಿಸುವ ಪ್ರೋಗ್ರಾಂ) ಓಡಬೇಕು ಅಂತ ಪಾಪೆನ್‌ಗಳ (ಪೈಥಾನ್‌ನಿಂದ ಬೇರೆ ಪ್ರೋಗ್ರಾಂ ಶುರು ಮಾಡುವ ಸಾಧನ) ಲಿಸ್ಟ್ ಇಟ್ಟು ಪೋಲ್ ಮಾಡುತ್ತಿದ್ದೀರಿ, ಅಂದರೆ ಮುಗಿಯಿತಾ ಅಂತ ಮತ್ತೆ ಮತ್ತೆ ಕೇಳುತ್ತಿದ್ದೀರಿ, ಅಲ್ವಾ? ಪೈಥಾನ್‌ನಲ್ಲಿ ನಾನೂ ಇದೇ ಲೂಪ್ ಬರೆದಿದ್ದೆ.

ಸಣ್ಣ ವಿಡಿಯೋ ಕೊಟ್ಟರೆ ಸಲೀಸಾಗಿ ಓಡುತ್ತಿತ್ತು. ಇಡೀ ಫೋಲ್ಡರ್ ಕೊಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಎಂಟೂ ಪ್ರೊಸೆಸ್ ಇವೆ, ಸಿಪಿಯು ಮಾತ್ರ ಖಾಲಿ. ಎರರ್ ಒಂದೂ ಇಲ್ಲ. ಲೂಪ್ ಮೇಲೆ ಅನುಮಾನ ಬಂದು ಸ್ಲೀಪ್ ಬದಲಿಸಿದೆ, ಲಾಕ್ ಸೇರಿಸಿದೆ. ಕೊನೆಗೆ ಒಂದು ಪ್ರೊಸೆಸ್‌ಗೆ ಎಸ್‌ಟ್ರೇಸ್ (ಪ್ರೊಸೆಸ್ ಸಿಸ್ಟಮ್ ಹತ್ತಿರ ಏನು ಕೇಳುತ್ತಿದೆ ಅಂತ ತೋರಿಸುವ ಟೂಲ್) ಹಾಕಿದೆ. ಫೈಲ್ ಡಿಸ್ಕ್ರಿಪ್ಟರ್ 2ಕ್ಕೆ ರೈಟ್ ಮಾಡುತ್ತಾ ಅಲ್ಲೇ ನಿಂತಿತ್ತು.

2 ಅಂದರೆ ಎಸ್‌ಟಿಡಿಎರರ್, ಪ್ರೋಗ್ರಾಂ ತನ್ನ ಎರರ್ ಮತ್ತು ಇತರ ಸಂದೇಶ ಬರೆಯುವ ಜಾಗ. ಫೇಲ್ ಆದರೆ ಮಾತ್ರ ತೋರಿಸೋಣ ಅಂತ ಅದನ್ನು ಪೈಪ್‌ಗೆ (ಅದು ಬರೆದದ್ದನ್ನು ನನ್ನ ಪ್ರೋಗ್ರಾಂಗೆ ತಲುಪಿಸುವ ದಾರಿ) ಕೊಟ್ಟಿದ್ದೆ, ಕೆಲಸ ಮುಗಿದ ಮೇಲೆ ಓದುವ ಲೆಕ್ಕದಲ್ಲಿ. ಲಿನಕ್ಸ್‌ನಲ್ಲಿ ಪೈಪ್ ಹಿಡಿಯುವುದು ಸಾಮಾನ್ಯವಾಗಿ 64 ಕೆಬಿ. ಎಫ್‌ಎಫ್‌ಎಂಪೆಗ್ ಓಡುವಷ್ಟು ಹೊತ್ತೂ ತನ್ನ ಪ್ರೋಗ್ರೆಸ್ ಅನ್ನು ಎಸ್‌ಟಿಡಿಎರರ್‌ಗೇ ಬರೆಯುತ್ತೆ. ಓದುವವರಿಲ್ಲ, ಪೈಪ್ ತುಂಬುತ್ತೆ, ಮುಂದಿನ ರೈಟ್ ಕಾಯುತ್ತಾ ಕೂರುತ್ತೆ. ಅದು ಮುಗಿದ ಮೇಲೆ ಓದೋಣ ಅಂತ ನಾನು ಕಾಯುತ್ತಿದ್ದೆ, ನಾನು ಓದಲಿ ಅಂತ ಅದು ಕಾಯುತ್ತಿತ್ತು. ಪೋಲ್ ಕೇಳಿದರೆ ಪ್ರತಿ ಸಲವೂ ನನ್ (None), ಅಂದರೆ ಇನ್ನೂ ಓಡುತ್ತಿದೆ ಅಂತ. ಸಣ್ಣ ವಿಡಿಯೋಗಳಲ್ಲಿ 64 ಕೆಬಿ ತುಂಬುವ ಮೊದಲೇ ಕೆಲಸ ಮುಗಿದುಬಿಡುತ್ತಿತ್ತು, ಹಾಗಾಗಿ ಟೆಸ್ಟ್‌ನಲ್ಲಿ ಗೊತ್ತೇ ಆಗಲಿಲ್ಲ.

ಆದ್ದರಿಂದ ಮಲ್ಟಿಪ್ರೊಸೆಸಿಂಗ್ ಪೂಲ್ ಬೇಡ. ಪೈಪ್ ಓದದಿದ್ದರೆ ಅದೂ ಇದೇ ಜಾಗದಲ್ಲಿ ನಿಲ್ಲುತ್ತೆ. ಎಫ್‌ಎಫ್‌ಎಂಪೆಗ್ ಹೇಗೂ ಬೇರೆ ಪ್ರೊಸೆಸ್. ಅದನ್ನು ಸುಮ್ನೆ ಕಾಯಲು ಇನ್ನೊಂದು ಪೈಥಾನ್ ಪ್ರೊಸೆಸ್ ಯಾಕೆ? ಥ್ರೆಡ್ ಸಾಕು, ಕಾಯುವಾಗ ಪೈಥಾನ್ ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ಓಡಿಸಲು ಬಿಡುವ ಲಾಕ್) ಬಿಟ್ಟುಕೊಡುತ್ತೆ.

ನಿಮ್ಮ ಲೂಪ್ ಅಳಿಸಿ. ಒಮ್ಮೆಗೆ ಇಷ್ಟೇ ಥ್ರೆಡ್ ಅಂತ ಮಿತಿ ಇಟ್ಟು ಓಡಿಸುವ ಥ್ರೆಡ್‌ಪೂಲ್‌ಎಕ್ಸಿಕ್ಯೂಟರ್ ತೆಗೆದುಕೊಂಡು ಪ್ರತಿ ಥ್ರೆಡ್‌ನಲ್ಲಿ ಸಬ್‌ಪ್ರೊಸೆಸ್ ರನ್ ಕರೆಯಿರಿ. ಕ್ಯಾಪ್ಚರ್ ಔಟ್‌ಪುಟ್ ಕೊಟ್ಟರೆ ಅದು ಎರಡೂ ಪೈಪ್ ಓದುತ್ತಲೇ ಇರುತ್ತೆ. ನಾನಂತೂ ಪೈಪ್ ಬಿಟ್ಟು, ಒಂದೊಂದು ಕೆಲಸಕ್ಕೆ ಒಂದೊಂದು ಲಾಗ್ ಫೈಲ್ ಕೊಡುತ್ತೇನೆ. ನಡುವೆ ಏನಾಗುತ್ತಿದೆ ಅಂತ ತೆರೆದು ನೋಡಬಹುದು. ಎಸ್‌ಟಿಡಿಇನ್‌ಗೆ (ಇನ್‌ಪುಟ್ ಬರುವ ಜಾಗ) ಡೆವ್‌ನಲ್, ಅಂದರೆ ಖಾಲಿ ಇನ್‌ಪುಟ್ ಕೊಡಿ, ಇಲ್ಲದಿದ್ದರೆ ಎಫ್‌ಎಫ್‌ಎಂಪೆಗ್ ಕೀಬೋರ್ಡ್ ಕಡೆಗೂ ಕಿವಿ ಇಟ್ಟಿರುತ್ತೆ. ಎಕ್ಸಿಕ್ಯೂಟರ್‌ಗೆ ಕೆಲಸ ಕೊಟ್ಟಾಗ ಸಿಗುವ ಪ್ರತಿ ಫ್ಯೂಚರ್‌ನ ರಿಸಲ್ಟ್ ಕೇಳಲೇಬೇಕು, ಕೇಳದಿದ್ದರೆ ಎಕ್ಸೆಪ್ಶನ್ ಬಂದರೂ ಗೊತ್ತಾಗುವುದಿಲ್ಲ. ರಿಟರ್ನ್ ಕೋಡ್ ಸೊನ್ನೆ ಅಲ್ಲದಿದ್ದರೆ ಎಕ್ಸೆಪ್ಶನ್ ಬರಲಿ ಅಂತ ರನ್‌ಗೆ ಚೆಕ್ ಟ್ರೂ ಹಾಕಿ.

ಇನ್ನು ಆ ಎಂಟು. ಎನ್‌ಕೋಡ್ ಮಾಡುವಾಗ ಸಾಮಾನ್ಯವಾಗಿ ಒಂದು ಎಫ್‌ಎಫ್‌ಎಂಪೆಗ್ ತಾನೇ ಹಲವು ಕೋರ್ ಬಳಸುತ್ತೆ. ಎಂಟು ಸೇರಿದರೆ ಒಂದನ್ನೊಂದು ತಳ್ಳಾಡುತ್ತವೆ. ಎರಡರಿಂದ ಶುರು ಮಾಡಿ, ಒಟ್ಟು ಸಮಯ ಕಡಿಮೆಯಾಗುತ್ತಿದ್ದರೆ ಮಾತ್ರ ಜಾಸ್ತಿ ಮಾಡಿ.