ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಹೊಸ ಚಿತ್ತಾರವನ್ನು ಎಲ್ಲಿ ಹುಡುಕುವುದು?

ಈ ತಿಂಗಳು ಹೊಲಿಗೆ ಮತ್ತು ಕೈಕೆಲಸದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕೊರಗನ್ನು ಹೇಳುತ್ತಿವೆ: ಕೈಗೆ ಕೆಲಸ ಬಂದಿದೆ, ಆದರೆ ಏನು ಮಾಡಬೇಕೆಂಬುದು ಹೊಳೆಯುತ್ತಿಲ್ಲ. ಅವುಗಳಲ್ಲಿ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆ ಎಲ್ಲರದೂ ಆಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಎರಡು ವರ್ಷಗಳಿಂದ ಕಸೂತಿ ಕಲಿಯುತ್ತಿದ್ದೇನೆ. ಗಾವಂತಿ, ಮುರ್ಗಿ, ನೇಗಿ, ಮೆಂತಿ ನಾಲ್ಕೂ ಹೊಲಿಗೆಗಳು ತಕ್ಕಮಟ್ಟಿಗೆ ಬರುತ್ತವೆ. ಆದರೆ ನಾನು ಹಾಕುವುದೆಲ್ಲ ಪುಸ್ತಕದ ಗೋಪುರ, ಪುಸ್ತಕದ ತೇರು ಅಥವಾ ಮೊಬೈಲಿನಲ್ಲಿ ಕಂಡ ಇನ್ನೊಬ್ಬರ ಸೀರೆಯ ನಕಲು. ಸ್ವಂತದ್ದೊಂದನ್ನು ಮಾಡಬೇಕೆಂದು ಗ್ರಾಫ್ ಹಾಳೆ ಹಿಡಿದು ಕುಳಿತರೆ ಒಂದು ಗೆರೆಯೂ ಮೂಡುವುದಿಲ್ಲ. ಸ್ವಂತ ಕಲ್ಪನೆ ಎಂಬುದು ಹುಟ್ಟಿನಿಂದ ಬರಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಇಲ್ಲ. ನೀವು ನಕಲು ಮಾಡುತ್ತಿರುವ ಆ ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿ ವೃಂದಾವನ, ತೊಟ್ಟಿಲು, ನವಿಲುಗಳನ್ನು ಮೊದಲು ಬಟ್ಟೆಗೆ ತಂದ ಹೆಣ್ಣುಮಕ್ಕಳು ಅವನ್ನು ಯಾವ ಪುಸ್ತಕದಿಂದಲೂ ತೆಗೆದುಕೊಳ್ಳಲಿಲ್ಲ. ಅಂಗಳದಲ್ಲಿದ್ದ ತುಳಸಿಕಟ್ಟೆ, ಜಾತ್ರೆಯಲ್ಲಿ ಎಳೆದ ತೇರು, ಮಗು ಮಲಗುತ್ತಿದ್ದ ತೊಟ್ಟಿಲು, ಹೀಗೆ ದಿನವೂ ಕಣ್ಣಿಗೆ ಬೀಳುತ್ತಿದ್ದ ವಸ್ತುಗಳನ್ನು ಅವರು ಎಳೆ ಎಣಿಸುತ್ತ ಬಟ್ಟೆಗೆ ಇಳಿಸಿದರು. ನಾವು ಅವರ ಚಿತ್ತಾರಗಳನ್ನು ಭದ್ರವಾಗಿ ಉಳಿಸಿಕೊಂಡಿದ್ದೇವೆ, ಅವರು ನೋಡುತ್ತಿದ್ದ ರೀತಿಯನ್ನು ಮಾತ್ರ ಕೈಬಿಟ್ಟಿದ್ದೇವೆ ಎಂಬುದು ನನ್ನ ಬಲವಾದ ಅನಿಸಿಕೆ.

ಆದ್ದರಿಂದ ಗ್ರಾಫ್ ಹಾಳೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ನೀವು ಹುಬ್ಬಳ್ಳಿಯವರಾದ್ದರಿಂದ ಜೋಳದ ತೆನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಅದನ್ನು ಕಂಡಂತೆ ಬರೆಯಿರಿ; ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಎರಡನೆಯ ಸಲ ಅಡ್ಡ, ಉದ್ದ ಮತ್ತು ಓರೆ ಗೆರೆಗಳನ್ನಷ್ಟೇ ಬಳಸಿ ಬರೆಯಿರಿ. ಆಗ ದುಂಡಗಿನ ಕಾಳು ತಾನಾಗಿ ಪುಟ್ಟ ಹರಳಿನ ಆಕಾರ ತಾಳುತ್ತದೆ, ಬಾಗಿದ ಎಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಈ ಮೆಟ್ಟಿಲೇ ಮುರ್ಗಿ ಎಂಬುದನ್ನು ನೀವು ಕೂಡಲೇ ಗುರುತಿಸುವಿರಿ. ಮೂರನೆಯ ಸಲ ಗ್ರಾಫ್ ಹಾಳೆಗೆ ಬನ್ನಿ. ತೆನೆಯ ಅಗಲಕ್ಕೆ ಬೆಸ ಸಂಖ್ಯೆಯ ಚೌಕಗಳನ್ನು, ಅಂದರೆ 9 ಅಥವಾ 11 ಚೌಕಗಳನ್ನು ಇಟ್ಟುಕೊಂಡರೆ ನಟ್ಟನಡುವೆ ಒಂದು ಚೌಕದ ಸಾಲು ಸಿಕ್ಕಿ, ಎರಡೂ ಬದಿಗಳನ್ನು ಸಮನಾಗಿ ಬೆಳೆಸುವುದು ಸುಲಭವಾಗುತ್ತದೆ.

ಇಲ್ಲಿಂದ ಮುಂದೆ ಹೊಲಿಗೆಯೇ ನಿಮಗೆ ದಾರಿ ತೋರಿಸುತ್ತದೆ. ಗಾವಂತಿಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮುಖಗಳಲ್ಲಿ ಚಿತ್ತಾರ ಒಂದೇ ತೆರನಾಗಿ ಕಾಣಬೇಕು. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗಗಳೆಲ್ಲ ತುಂಬುತ್ತವೆ. ಅಂದಮೇಲೆ ಪ್ರತಿಯೊಂದು ಗೆರೆಯ ಮೇಲೂ ಸೂಜಿ ಒಮ್ಮೆ ಹೋಗಿ ಒಮ್ಮೆ ಹಿಂತಿರುಗುತ್ತದೆ. ಗೆರೆ ಕವಲೊಡೆಯುವಲ್ಲಿ ಕವಲಿನ ತುದಿಯವರೆಗೆ ಹೋಗಿ, ಅದೇ ಕವಲಿನಲ್ಲಿ ಹಿಂದಕ್ಕೆ ಬಂದು, ಆಮೇಲೆ ಮುಖ್ಯ ಗೆರೆಯನ್ನು ಮುಂದುವರಿಸಬೇಕು. ಹೀಗೆ ನಡೆದರೆ ದಾರ ಹೊರಟ ಜಾಗಕ್ಕೇ ಮರಳುತ್ತದೆ. ಇದಕ್ಕೆ ಬೇಕಾದದ್ದು ಒಂದೇ: ಚಿತ್ತಾರದ ಭಾಗಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರಬೇಕು. ಬಿಡಿಯಾಗಿ ನಿಂತ ಕಾಳಿಗೆ ದಾರ ಹಿಂಬದಿಯಲ್ಲಿ ಹಾರಿದರೆ ಆ ಮುಖ ಕೆಡುತ್ತದೆ. ನಿಮ್ಮ ತೆನೆಯಲ್ಲಿ ಬಿಡಿ ಕಾಳುಗಳಿದ್ದರೆ ಅವನ್ನು ತೆನೆಯ ದಂಟಿಗೆ ಹೇಗೆ ಕೂಡಿಸಬಹುದೆಂದು ಯೋಚಿಸಿ. ಆ ಯೋಚನೆಯಲ್ಲಿಯೇ ಯಾವ ಪುಸ್ತಕದಲ್ಲಿಯೂ ಇಲ್ಲದ ಆಕಾರವೊಂದು ಹುಟ್ಟುತ್ತದೆ. ನಾನು ಎಷ್ಟೋ ಸಲ ಕಂಡಂತೆ, ಮೊದಲು ಬರೆದ ಚಿತ್ರಕ್ಕಿಂತ ಈ ತೊಡಕನ್ನು ಬಿಡಿಸಲು ಹೊರಟು ಸಿಕ್ಕ ಚಿತ್ರವೇ ಚೆನ್ನಾಗಿರುತ್ತದೆ.

ಅಂಗಳದ ರಂಗೋಲಿಯೂ ನಿಮ್ಮ ನೆರವಿಗೆ ಬರುತ್ತದೆ, ಆದರೆ ಎಲ್ಲ ರಂಗೋಲಿಯೂ ಅಲ್ಲ. ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ ಎಳೆಯುವ ರಂಗೋಲಿ ಗಾವಂತಿಗೆ ಹೆಚ್ಚುಕಡಿಮೆ ಇದ್ದಂತೆಯೇ ಒಗ್ಗುತ್ತದೆ. ಚುಕ್ಕಿಯ ಸುತ್ತ ಬಳಸಿಕೊಂಡು ಹೋಗುವ ಎಳೆ ರಂಗೋಲಿಯ ಬಾಗು ಎಣಿಸಿದ ಎಳೆಗಳ ಮೇಲೆ ಉಳಿಯುವುದಿಲ್ಲ. ಅದನ್ನು ಮೆಟ್ಟಿಲಾಗಿ ಒಡೆದುಕೊಳ್ಳಬೇಕಾಗುತ್ತದೆ.

ಒಂದು ರಜೆಯ ದಿನ ಲಕ್ಕುಂಡಿಗೆ ಹೋಗಿ ಬನ್ನಿ ಎಂದೂ ಹೇಳುತ್ತೇನೆ. ಗದಗದಿಂದ ಸುಮಾರು 12 ಕಿಲೋಮೀಟರ್ ದೂರ. ಅಲ್ಲಿನ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ಅರ್ಧ ಗಂಟೆ ಸುಮ್ಮನೆ ನಿಲ್ಲಿರಿ. ಒಂದರ ಪಕ್ಕದಲ್ಲಿ ಒಂದರಂತೆ ಮೇಲಕ್ಕೇರುವ ಆ ಕಲ್ಲಿನ ಪಟ್ಟಿಕೆಗಳು ಸೀರೆಯ ದಡಿಗೆಂದೇ ಬರೆದಿಟ್ಟ ಮಾದರಿಗಳಂತಿವೆ: ಅಗಲದ ಪಟ್ಟಿಯ ಬದಿಗೆ ಕಿರಿದಾದದ್ದು, ತುಂಬಿದ ಕೆತ್ತನೆಯ ಬದಿಗೆ ಸರಳವಾದದ್ದು. ಎಲ್ಲವನ್ನೂ ಬರೆದುಕೊಳ್ಳಲು ಹೋಗದೆ ಒಂದೇ ಪಟ್ಟಿಯನ್ನು ನಿಮ್ಮ ನೋಟ್‌ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬನ್ನಿ. ಫೋಟೊ ತೆಗೆದರೆ ಕಣ್ಣು ಕೆಲಸ ನಿಲ್ಲಿಸಿಬಿಡುತ್ತದೆ. ಬರೆಯುವಾಗ ಬಳ್ಳಿ ಎಲ್ಲಿ ತಿರುಗುತ್ತದೆ, ಎಷ್ಟು ಅಂತರಕ್ಕೆ ಹೂ ಮರುಕಳಿಸುತ್ತದೆ ಎಂಬುದನ್ನು ಕೈಯೇ ಲೆಕ್ಕ ಹಾಕುತ್ತದೆ.

ಮೊದಲ ಪ್ರಯತ್ನವನ್ನು ಸೀರೆಯ ಮೇಲೆ ಮಾಡಬೇಡಿ. ಎಳೆಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಅಂಗೈಯಗಲದ ತುಂಡು ಸಾಕು. ಚಿತ್ತಾರ ಮನಸ್ಸಿಗೆ ಒಪ್ಪಿದ ಮೇಲೆ ರೇಷ್ಮೆಗೆ ಹೋಗಬಹುದು. ಎಳೆ ಎಣಿಸಲಾಗದ ರೇಷ್ಮೆಯಾದರೆ ಮೇಲೆ ಕ್ಯಾನ್ವಾಸ್ ಕೂಡಿಸಿ ಹೊಲಿದು, ಕೆಲಸ ಮುಗಿದ ನಂತರ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ.

ಪ್ರಶ್ನೆ: ನಾನು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕುಪ್ಪಸ ಹೊಲಿದು ಉಳಿದ ತುಂಡುಗಳು ಮೂರು ಚೀಲಗಳಷ್ಟಿವೆ. ಎರಡು ಸಲ ಅವನ್ನು ಜೋಡಿಸಿ ಹೊದಿಕೆ ಮಾಡಲು ನೋಡಿದೆ. ಬಣ್ಣಬಣ್ಣದ ಗೊಂದಲವಾಯಿತೇ ಹೊರತು ಚೆಂದ ಕಾಣಲಿಲ್ಲ. ಏನು ತಪ್ಪಾಗಿದೆ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮಲ್ಲಿ ಬಟ್ಟೆಗೆ ಕೊರತೆಯಿಲ್ಲ, ಕೊರತೆಯಿರುವುದು ಒಂದು ನಿಯಮಕ್ಕೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಅವಕಾಶ ಸಿಕ್ಕರೆ ಹತ್ತಿರದಿಂದ ನೋಡಿ. ಹಳೆಯ ಬಟ್ಟೆಯ ತುಂಡುಗಳೇ ಅಲ್ಲಿಯೂ ಇರುತ್ತವೆ, ಬಣ್ಣಗಳೂ ನಿಮ್ಮ ಚೀಲದಲ್ಲಿರುವಷ್ಟೇ ಇರುತ್ತವೆ. ಆದರೆ ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತುತ್ತ, ಸುತ್ತಿನ ಒಳಗೆ ಸುತ್ತಾಗಿ ನಡುವಿನತ್ತ ಸಾಗುತ್ತಾರೆ. ತುಂಡಿನ ಅಂಚನ್ನು ಮಡಚಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಹಾಕಿದ ಸಾಲು ಹೊಲಿಗೆ ಕೌದಿಯ ತುಂಬ ಒಂದೇ ಲಯದಲ್ಲಿ ಓಡುತ್ತದೆ. ತುಂಡುಗಳು ಎಷ್ಟೇ ಭಿನ್ನವಾಗಿರಲಿ, ಆ ಹೊಲಿಗೆಯ ಸಾಲು ಅವನ್ನೆಲ್ಲ ಒಂದು ಬಟ್ಟೆಯನ್ನಾಗಿ ಮಾಡಿಬಿಡುತ್ತದೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ ಹೂಗಳನ್ನು ಕೂಡಿಸುತ್ತಾರೆ. ಇವಕ್ಕೆ ಫುಲ ಎನ್ನುತ್ತಾರೆ. ಇವಿಲ್ಲದೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ.

ನೀವು ಮಾಡಬೇಕಾದ ಮೊದಲ ಕೆಲಸ ಚೀಲಗಳನ್ನು ಬರಿದು ಮಾಡಿ ತುಂಡುಗಳನ್ನು ವಿಂಗಡಿಸುವುದು. ಹತ್ತಿಯನ್ನು ಹತ್ತಿಯ ಜೊತೆಗೇ ಇಡಿ. ರೇಷ್ಮೆ, ಸಿಂಥೆಟಿಕ್ ಬೆರೆತರೆ ಒಗೆದಾಗ ಒಂದೊಂದು ಒಂದೊಂದು ರೀತಿ ಎಳೆದುಕೊಳ್ಳುತ್ತದೆ. ಕಡುಗೆಂಪು, ಕಡುನೀಲಿ ತುಂಡುಗಳನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಡುವಂಥವನ್ನು ತೆಗೆದಿಡಿ. ಆನಂತರ ಕೆಂಪು, ಹಸಿರು ಎಂದು ಬೇರ್ಪಡಿಸದೆ ತಿಳಿಯಾದವು, ನಡುವಿನವು, ಗಾಢವಾದವು ಎಂದು ಮೂರು ರಾಶಿ ಮಾಡಿ. ಯಾವ ರಾಶಿಗೆಂದು ಅನುಮಾನವಾದರೆ ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ತಿಳಿಯುತ್ತದೆ. ಗಾಢದ ಸುತ್ತು, ತಿಳಿಯ ಸುತ್ತು ಎಂದು ಒಂದರ ಒಳಗೊಂದು ಇಡುತ್ತ ಹೋದರೆ ನಿಮ್ಮ ಗೊಂದಲದ ಬಹುಪಾಲು ಅಲ್ಲಿಯೇ ಕರಗುತ್ತದೆ. ಗುಳೇದಗುಡ್ಡದ ಖಣದ ತುಂಡುಗಳಿದ್ದರೆ ಅವನ್ನು ಎಲ್ಲೆಡೆ ಚೆಲ್ಲಬೇಡಿ; ಅದರ ಪುಟ್ಟ ಬುಟ್ಟಾಗಳ ಹೊಳಪು ಸಾದಾ ಬಟ್ಟೆಯ ಪಕ್ಕದಲ್ಲಿಯೇ ಚೆನ್ನಾಗಿ ಅರಳುವುದು. ದೊಡ್ಡ ಹೊದಿಕೆಗೆ ಈಗಲೇ ಕೈಹಾಕದೆ ತೊಟ್ಟಿಲಿಗೆ ಹಾಸುವಷ್ಟರ ಕೌದಿಯನ್ನು ಮೊದಲು ಮುಗಿಸಿ.

ಪ್ರಶ್ನೆ: ಬಣ್ಣಗಳನ್ನು ಹೊಂದಿಸುವುದೇ ನನಗೆ ತಿಳಿಯುವುದಿಲ್ಲ. ಸುಲಭವಾದ ದಾರಿ ಇದೆಯೇ?
— ಓದುಗರು, ತುಮಕೂರು

ಉತ್ತರ: ಇಳಕಲ್ ಸೀರೆಯೊಂದನ್ನು ಎದುರಿಗೆ ಹರಡಿಕೊಳ್ಳಿ. ಒಡಲಿಗೆ ಒಂದು ಬಣ್ಣ, ಸೆರಗಿಗೆ ಕೆಂಪು, ಆ ಕೆಂಪಿನ ಮೇಲೆ ಬಿಳಿ: ಮೂರೇ ಬಣ್ಣಗಳಲ್ಲಿ ಸೀರೆ ತುಂಬಿದಂತೆ ಕಾಣುತ್ತದೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿಯ ದಾರಗಳು ಅಷ್ಟು ಎದ್ದು ಕಾಣುವುದಕ್ಕೂ ಆ ಕಪ್ಪು ನೆಲವೇ ಕಾರಣ. ನೀವೂ ಮುಂದಿನ ಮೂರು ಕೆಲಸಗಳನ್ನು ಮೂರೇ ಬಣ್ಣಗಳಲ್ಲಿ ಮಾಡಿ, ನಾಲ್ಕನೆಯದನ್ನು ಆಮೇಲೆ ಸೇರಿಸಿ.

ಪ್ರಶ್ನೆ: ಲಂಬಾಣಿ ಕಸೂತಿಯ ಕನ್ನಡಿ, ಕವಡೆಗಳ ಕೆಲಸ ನನಗೆ ಬಹಳ ಇಷ್ಟ. ಅದರಿಂದ ಪ್ರೇರಣೆ ಪಡೆದು ಕೈಚೀಲಗಳನ್ನು ಮಾಡಿ ಮಾರಬೇಕೆಂದಿದ್ದೇನೆ. ನಾನು ಆ ಸಮುದಾಯದವಳಲ್ಲ. ಇದು ಸರಿಯೇ?
— ಓದುಗರು, ಬೆಂಗಳೂರು

ಉತ್ತರ: ಈ ಪ್ರಶ್ನೆಯನ್ನು ನೀವು ಕೇಳಿದ್ದೇ ನನಗೆ ಸಂತೋಷದ ಸಂಗತಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದರ ಹೆಸರನ್ನು ಹಚ್ಚಿ ಬೇರೆಯ ಕೆಲಸವನ್ನು ಮಾರುವಂತಿಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ, ತಮ್ಮ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ)ಗಳ ಮೇಲೆ ತಲೆಮಾರುಗಳಿಂದ ಹೊಲಿಯುತ್ತ ಬಂದವರಿಗೆ ಸಲ್ಲಬೇಕಾದ ಬೆಲೆಯನ್ನು ನಕಲು ಕಿತ್ತುಕೊಳ್ಳುತ್ತದೆ. ಕಲಿಯಲು ಮಾತ್ರ ಯಾವ ಅಡ್ಡಿಯೂ ಇಲ್ಲ. ತುಂಡು ಬಟ್ಟೆಗಳನ್ನು ಪದರವಾಗಿ ಕೂಡಿಸುವ ಬಗೆ, ಕನ್ನಡಿಯನ್ನು ದಾರದ ಚೌಕಟ್ಟಿನಲ್ಲಿ ಹಿಡಿದಿಡುವ ಬಗೆ, ಅಂಚಿಗೆ ಕವಡೆ ಕಟ್ಟುವ ಬಗೆ ಇವನ್ನು ಅರಿತುಕೊಂಡು, ನಿಮ್ಮ ಮನೆಯ, ನಿಮ್ಮ ಬೀದಿಯ ಚಿತ್ತಾರಗಳಿಗೆ ಆ ಜ್ಞಾನವನ್ನು ಬಳಸಿ, ನಿಮ್ಮದೇ ಹೆಸರಿನಲ್ಲಿ ಮಾರಿ. ಲಂಬಾಣಿ ಕೆಲಸವೇ ಚೀಲದ ಮೇಲೆ ಬೇಕೆನಿಸಿದರೆ ಆ ಪಟ್ಟಿಯನ್ನು ಸಂಡೂರಿನ ಕುಶಲಕರ್ಮಿಗಳಿಂದಲೇ ಹೊಲಿಸಿ, ತಕ್ಕ ಹಣ ಕೊಟ್ಟು, ಅದು ಅವರ ಕೆಲಸವೆಂದು ಚೀಟಿಯಲ್ಲಿ ಬರೆಯಿರಿ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ವಿಚಾರಿಸಬಹುದು. ಅಲ್ಲಿಗೆ ಹೋದಾಗ ಒಂದು ಚೀಲವನ್ನು ಕೊಂಡು ತಂದು, ಮನೆಯಲ್ಲಿ ನಿಧಾನವಾಗಿ ಒಳಮಗ್ಗುಲನ್ನು ಹೊರಳಿಸಿ ನೋಡಿ. ಹೊಲಿಗೆ ಎಲ್ಲಿ ಹೊರಟು ಎಲ್ಲಿ ಮುಗಿದಿದೆ ಎಂಬುದು ಅಲ್ಲಿ ಕಾಣುತ್ತದೆ.