ಉಬುಂಟು 22.04ರಲ್ಲಿ ಐಪರ್ಫ್3 ಕಂಪೈಲ್ ಮಾಡಿದ ಮೇಲೂ 3.9 ಅಂತಲೇ ತೋರಿಸುತ್ತಿದ್ದರೆ

ನಮಸ್ಕಾರ. ಎರಡು ಡೆಸ್ಕ್‌ಟಾಪ್‌ಗೆ 10 ಗಿಗಾಬಿಟ್ ಕಾರ್ಡ್ ಹಾಕಿ, ವೇಗ ಅಳೆಯಲು ಐಪರ್ಫ್3 ಸೋರ್ಸ್ ತಂದು ಕಂಪೈಲ್ ಮಾಡಿದ್ದೀರಿ. ಎಲ್ಲೂ ಎರರ್ ಬರಲಿಲ್ಲ, ಆದರೂ ವರ್ಷನ್ ಕೇಳಿದರೆ ಆಪ್ಟ್ (ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಸಾಧನ) ಕೊಡುವ ಹಳೆಯ 3.9 ಅನ್ನುತ್ತಿದೆ ಅಂತ ಬರೆದಿದ್ದೀರಿ. ನಿಮ್ಮ ಕಂಪೈಲ್ ಕೆಟ್ಟಿಲ್ಲ. ಒಂದೋ ಶೆಲ್ (ಟರ್ಮಿನಲ್‌ನಲ್ಲಿ ನಿಮ್ಮ ಆಜ್ಞೆ ನಡೆಸುವ ಪ್ರೋಗ್ರಾಂ) ಹಳೆಯ ಪ್ರೋಗ್ರಾಂ ಇದ್ದ ಜಾಗವನ್ನೇ ನೆನಪಿಟ್ಟುಕೊಂಡಿದೆ, ಇಲ್ಲವೇ ಹೊಸ ಪ್ರೋಗ್ರಾಂ ಹಳೆಯ ಲೈಬ್ರರಿಯನ್ನು (ಪ್ರೋಗ್ರಾಂ ಬಳಸುವ ಕೋಡ್ ಇರುವ ಬೇರೆ ಫೈಲನ್ನು) ಎತ್ತಿಕೊಳ್ಳುತ್ತಿದೆ. ಎರಡನೆಯದು ಹೆಚ್ಚು ಜನರಿಗೆ ಗೊತ್ತಾಗುವುದಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. (ಆಜ್ಞೆಗಳನ್ನು ಉಚ್ಚಾರದ ಪ್ರಕಾರ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.)

ನಿಮ್ಮ ಕೆಲಸಕ್ಕೆ ಹೊಸ ಆವೃತ್ತಿ ನಿಜಕ್ಕೂ ಬೇಕು. 3.16ಕ್ಕಿಂತ ಮೊದಲಿನ ಐಪರ್ಫ್3 ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಹೊತ್ತಿಗೆ ಪ್ರೊಸೆಸರಿನ ಒಂದೇ ಕೋರ್ ಬಳಸಿ, ಓಡುತ್ತಿತ್ತು. ನಾಲ್ಕು ಸ್ಟ್ರೀಮ್ (ಏಕಕಾಲಕ್ಕೆ ಡೇಟಾ ಹರಿಯುವ ಸಂಪರ್ಕ) ಕೇಳಿದರೂ ನಾಲ್ಕೂ ಒಂದೇ ಕೋರ್ ಮೇಲೆ ಬೀಳುತ್ತಿದ್ದವು. 2023ರ ಕೊನೆಗೆ ಬಂದ 3.16ರಿಂದ ಪ್ರತಿ ಸ್ಟ್ರೀಮ್‌ಗೂ ಬೇರೆ ಥ್ರೆಡ್. 1 ಗಿಗಾಬಿಟ್‌ಗೆ 3.9 ಸಾಕು. 10 ಗಿಗಾಬಿಟ್‌ನಲ್ಲಿ ಪ್ರೊಸೆಸರ್ ಹಳೆಯದಾದರೆ ನೀವು ಅಳೆಯುವುದು ನೆಟ್‌ವರ್ಕನ್ನಲ್ಲ, ಆ ಒಂದು ಕೋರನ್ನು.

ಮೊದಲು ಹಳೆಯದನ್ನು ತೆಗೆಯಿರಿ: ಸುಡೊ ಆಪ್ಟ್ ರಿಮೂವ್ ಐಪರ್ಫ್3 ಲಿಬ್‌ಐಪರ್ಫ್0. ಎರಡು ಹೆಸರನ್ನೂ ಕೊಡಿ, ಲೈಬ್ರರಿ ಬೇರೆಯೇ ಪ್ಯಾಕೇಜು. ಆಮೇಲೆ ಕಂಪೈಲರ್, ಮೇಕ್ ತರುವ ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜು ಹಾಕಿಕೊಳ್ಳಿ. ಲಿಬ್‌ಎಸ್‌ಎಸ್‌ಎಲ್-ಡೆವ್ ಬೇಕಾಗುವುದು ಪಾಸ್‌ವರ್ಡ್ ಹಾಕಿ ಸರ್ವರ್ ನಡೆಸುವವರಿಗೆ ಮಾತ್ರ. ಮನೆಯೊಳಗಿನ ಪರೀಕ್ಷೆಗೆ ಬೇಡ.

ಸೋರ್ಸನ್ನು ಗಿಟ್ ಕ್ಲೋನ್ ಮಾಡುವ ಬದಲು ರಿಲೀಸ್ ಟಾರ್ ಫೈಲನ್ನೇ ಇಳಿಸಿಕೊಳ್ಳಿ. ಕ್ಲೋನ್ ಮಾಡಿದಾಗ ಫೈಲುಗಳ ಸಮಯ ಹಿಂದುಮುಂದಾಗಿ, ಮೇಕ್ ಕೊಟ್ಟ ಕೂಡಲೇ ಅಕ್ಲೋಕಲ್ ಇಲ್ಲ, ಆಟೋಮೇಕ್ ಇಲ್ಲ ಎಂದು ನಿಲ್ಲುವುದುಂಟು. ಬಿಚ್ಚುವ ಫೋಲ್ಡರ್ ಹೋಮ್ ಒಳಗಿರಲಿ, ಅದರ ಪೂರ್ತಿ ಹಾದಿಯಲ್ಲಿ ಎಲ್ಲೂ ಸ್ಪೇಸ್ ಇರಬಾರದು. ಇದ್ದರೆ ಕಾನ್ಫಿಗರ್ (ಕಂಪೈಲ್‌ಗೆ ಸಿದ್ಧತೆ ಮಾಡುವ ಸ್ಕ್ರಿಪ್ಟು) ‘ಅನ್‌ಸೇಫ್ ಆಬ್ಸೊಲ್ಯೂಟ್ ವರ್ಕಿಂಗ್ ಡೈರೆಕ್ಟರಿ ನೇಮ್’ ಎಂದು ಅಲ್ಲೇ ಕೈಚೆಲ್ಲುತ್ತದೆ.

ಈಗ ಮುಖ್ಯ ಹೆಜ್ಜೆ. ಕಾನ್ಫಿಗರ್ ಓಡಿಸುವಾಗ --ಡಿಸೇಬಲ್-ಶೇರ್ಡ್ ಎಂದು ಸೇರಿಸಿ. ಏನೂ ಸೇರಿಸದಿದ್ದರೆ ಐಪರ್ಫ್3 ಎರಡು ತುಂಡಾಗಿ ತಯಾರಾಗುತ್ತದೆ: ಒಂದು ಚಿಕ್ಕ ಪ್ರೋಗ್ರಾಂ, ಇನ್ನೊಂದು ಲಿಬ್‌ಐಪರ್ಫ್ ಎಂಬ ಲೈಬ್ರರಿ. ಅಳೆಯುವ ಕೆಲಸವೆಲ್ಲ ಲೈಬ್ರರಿಯದು, ವರ್ಷನ್ ಸಂಖ್ಯೆ ಹೇಳುವುದೂ ಅದೇ. ಹೊಸ ಲೈಬ್ರರಿ /ಯುಎಸ್‌ಆರ್/ಲೋಕಲ್/ಲಿಬ್ ಫೋಲ್ಡರಿಗೆ ಹೋಗಿ ಕೂರುತ್ತದೆ, ಆದರೆ ಸಿಸ್ಟಮ್ಮಿನ ಲೈಬ್ರರಿ ಪಟ್ಟಿಗೆ ಅದಿನ್ನೂ ಸೇರಿರುವುದಿಲ್ಲ. ಆಪ್ಟ್ ಹಾಕಿದ ಹಳೆಯ ಲೈಬ್ರರಿಗೂ ಅದೇ ಹೆಸರು, ಆದ್ದರಿಂದ ಹೊಸ ಪ್ರೋಗ್ರಾಂ ಅದನ್ನೇ ಹಿಡಿದುಕೊಳ್ಳುತ್ತದೆ. ಹಳೆಯದೂ ಇಲ್ಲದಿದ್ದರೆ ಲಿಬ್‌ಐಪರ್ಫ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಎರಡಕ್ಕೂ ಕಾರಣ ಒಂದೇ. ಡಿಸೇಬಲ್-ಶೇರ್ಡ್ ಕೊಟ್ಟರೆ ಲಿಬ್‌ಐಪರ್ಫ್ ಪ್ರೋಗ್ರಾಂ ಒಳಗೇ ಸೇರಿಹೋಗುತ್ತದೆ, ಈ ತಾಪತ್ರಯವೇ ಇಲ್ಲ.

ಈಗಾಗಲೇ ಹಾಕಿರುವುದನ್ನೇ ಉಳಿಸಿಕೊಳ್ಳುವುದಾದರೆ ಸುಡೊ ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿದರೆ ಪಟ್ಟಿ ನವೀಕರಣವಾಗುತ್ತದೆ. ಮತ್ತೆ ಕಂಪೈಲ್ ಮಾಡುವುದಾದರೆ ಮೊದಲು ಸುಡೊ ಮೇಕ್ ಅನ್‌ಇನ್‌ಸ್ಟಾಲ್, ಆಮೇಲೆ ಮೇಕ್ ಡಿಸ್ಟ್‌ಕ್ಲೀನ್, ಆಮೇಲೆ ಹೊಸ ಆಯ್ಕೆಯ ಜತೆ ಕಾನ್ಫಿಗರ್. ಡಿಸ್ಟ್‌ಕ್ಲೀನ್ ಬಿಟ್ಟರೆ ಹಿಂದಿನ ಸಲದ ಆಬ್ಜೆಕ್ಟ್ ಫೈಲುಗಳು ಬೆರೆಯುತ್ತವೆ.

ನಂತರ ಮೇಕ್, ಸುಡೊ ಮೇಕ್ ಇನ್‌ಸ್ಟಾಲ್. ಕೋಡ್ ಚಿಕ್ಕದು, ಬೇಗ ಮುಗಿಯುತ್ತದೆ. ಶೇರ್ಡ್ ಆಗಿ ಕಂಪೈಲ್ ಮಾಡಿದವರು ಎಸ್‌ಆರ್‌ಸಿ ಫೋಲ್ಡರಿನ ಐಪರ್ಫ್3 ಫೈಲನ್ನು ಹಾಗೇ ಇನ್ನೊಂದು ಕಂಪ್ಯೂಟರಿಗೆ ಕಾಪಿ ಮಾಡಬೇಡಿ. ಅದು ಲಿಬ್‌ಟೂಲ್ (ಲೈಬ್ರರಿ ಕಟ್ಟುವ ಸಾಧನ) ಬರೆದಿಟ್ಟ ಶೆಲ್ ಸ್ಕ್ರಿಪ್ಟು, ನಿಜವಾದ ಪ್ರೋಗ್ರಾಂ ಪಕ್ಕದ ಅಡಗಿದ ಡಾಟ್ ಲಿಬ್ಸ್ ಫೋಲ್ಡರಿನಲ್ಲಿದೆ.

ಹಾಕಿದ ಮೇಲೆ ಹ್ಯಾಶ್ -ಆರ್ (ಸಣ್ಣ ಅಕ್ಷರ) ಕೊಟ್ಟು ಶೆಲ್‌ನ ನೆನಪು ಅಳಿಸಿ. ಟೈಪ್ -ಎ ಐಪರ್ಫ್3 ಎಂದರೆ ಎಷ್ಟು ಕಡೆ ಇದೆ, ಯಾವುದು ಮೊದಲು ಸಿಗುತ್ತದೆ ಅಂತ ಕಾಣುತ್ತದೆ. ಮೊದಲು ಸಿಕ್ಕಿದ್ದರ ಪೂರ್ತಿ ಹಾದಿಯನ್ನು, ಯಾವ ಲೈಬ್ರರಿ ಹಿಡಿದಿದೆ ಎಂದು ತೋರಿಸುವ ಎಲ್‌ಡಿಡಿ ಆಜ್ಞೆಗೆ ಕೊಡಿ. ಡಿಸೇಬಲ್-ಶೇರ್ಡ್ ಮಾಡಿದ್ದರೆ ಲಿಬ್‌ಐಪರ್ಫ್ ಎಂಬ ಸಾಲೇ ಇರಬಾರದು.

ಇನ್ನೊಂದು ಕಂಪ್ಯೂಟರಿನಲ್ಲೂ ಇದನ್ನೇ ಮಾಡಿ. ಹಳೆಯದೂ ಹೊಸದೂ ಪರಸ್ಪರ ಮಾತಾಡುತ್ತವೆ, ಆದರೆ ಹಳೆಯದು ಇರುವ ಕಡೆ ಮತ್ತೆ ಒಂದೇ ಕೋರ್. ಡೇಟಾ ಪಡೆಯುವ ಕಡೆಗೇ ಸಾಮಾನ್ಯವಾಗಿ ಹೊರೆ ಜಾಸ್ತಿ. ಸರ್ವರ್ ಶುರುವಾಗದೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದರೆ ಬಹುಶಃ ಬೇರೊಂದು ಐಪರ್ಫ್3 ಆಗಲೇ ಹಿನ್ನೆಲೆಯಲ್ಲಿ ಓಡುತ್ತಿದೆ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದರೆ 5201ನೇ ಪೋರ್ಟ್ ಟಿಸಿಪಿಗೆ ತೆರೆಯಿರಿ, ಯುಡಿಪಿ ಪರೀಕ್ಷೆಯೂ ಇದ್ದರೆ ಯುಡಿಪಿಗೂ.

ಕ್ಲೈಂಟಿನಲ್ಲಿ -ಪಿ 4 (ದೊಡ್ಡ ಅಕ್ಷರ) ಕೊಡಿ. ಮಾಮೂಲಾಗಿ ಕ್ಲೈಂಟಿನಿಂದ ಸರ್ವರಿಗೆ ಹರಿಯುವುದನ್ನಷ್ಟೇ ಅಳೆಯುತ್ತದೆ, ತಿರುಗುಮುರುಗಾಗಿ ನೋಡಲು ದೊಡ್ಡಕ್ಷರದ -ಆರ್ ಸೇರಿಸಿ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಬೈಟ್ ಇದ್ದಾಗ ಹೆಡರ್‌ಗಳ ಪಾಲು ಕಳೆದು ಸುಮಾರು 9.4 ಗಿಗಾಬಿಟ್ ಬಂದರೆ ಅದೇ ಪೂರ್ತಿ ವೇಗ. 940 ಮೆಗಾಬಿಟ್‌ಗೆ ನಿಂತರೆ ಕೊಂಡಿ 1 ಗಿಗಾಬಿಟ್‌ಗೆ ಇಳಿದಿದೆ, ಕಾರ್ಡಿನ ಸ್ಥಿತಿ ತೋರಿಸುವ ಈಥ್‌ಟೂಲ್‌ನಲ್ಲಿ ಸ್ಪೀಡ್ ಸಾಲು ನೋಡಿ. 94ಕ್ಕೆ ನಿಂತರೆ ಕೇಬಲ್ ಅಥವಾ ಅದರ ತುದಿಯ ಕ್ರಿಂಪ್ ನೋಡಿ: 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು.