ಪ್ರತಿಕ್ರಿಯೆ: ಕಾರಿನ ಸಾಕೆಟ್‌ನಿಂದ 500 ವ್ಯಾಟ್ ಮಿಕ್ಸಿ ಓಡುತ್ತಾ?

ಸಿಗರೇಟ್ ಲೈಟರ್ ಸಾಕೆಟ್‌ಗೆ ಇನ್ವರ್ಟರ್ ಚುಚ್ಚಿ 500 ವ್ಯಾಟ್ ಮಿಕ್ಸಿ ಓಡಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ ಸರ್. ಆ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10-15 ಆಂಪ್ಸ್. ಅಂದರೆ 12 ವೋಲ್ಟ್‌ನಲ್ಲಿ 120-180 ವ್ಯಾಟ್. ಲ್ಯಾಪ್‌ಟಾಪ್, ಸಣ್ಣ ಫ್ಯಾನ್‌ಗೆ ಸಾಕು. ಫ್ಯೂಸ್ ಹೋಯ್ತು ಅಂತ 30ರದ್ದು ಹಾಕಲು ಹೋಗಬೇಡಿ, ಆಮೇಲೆ ಸುಡೋದು ಒಳಗಿನ ವೈರು.

ನಿಮ್ಮ ಮಿಕ್ಸಿ ಬ್ಯಾಟರಿಯ 12 ವೋಲ್ಟ್ ಕಡೆಯಿಂದ ಸುಮಾರು 50 ಆಂಪ್ಸ್ ಎಳೆಯುತ್ತೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಎರಡು-ಮೂರು ಪಟ್ಟು. ಹಾಗಾಗಿ 1000 ವ್ಯಾಟ್, ಸರ್ಜ್ (ಕ್ಷಣಕಾಲ ಕೊಡಬಲ್ಲ ಗರಿಷ್ಠ) 2000 ವ್ಯಾಟ್ ಇರುವ ಪ್ಯೂರ್ ಸೈನ್‌ವೇವ್ (ಮನೆ ಕರೆಂಟಿನಂಥದ್ದೇ ಕೊಡುವ) ಇನ್ವರ್ಟರ್ ತಗೊಂಡು ನೇರ ಬ್ಯಾಟರಿಗೇ ಜೋಡಿಸಿ. 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಉದ್ದ ಒಂದು ಮೀಟರ್ ಮೀರದಿರಲಿ. ಪಾಸಿಟಿವ್ ಟರ್ಮಿನಲ್‌ನಿಂದ ಗೇಣುದ್ದದೊಳಗೆ 125 ಆಂಪ್ಸ್ ಫ್ಯೂಸ್. ತೆಳು ಕೇಬಲ್ ಹಾಕಿದರೆ ಮಿಕ್ಸಿ ಒತ್ತಿದ ತಕ್ಷಣ ವೋಲ್ಟೇಜ್ ಕುಸಿದು ಇನ್ವರ್ಟರ್ ಕೀಂ ಅಂತ ಕೂಗಿ ನಿಲ್ಲುತ್ತೆ. ಜನ ಬೈಯೋದು ಮಾತ್ರ ಇನ್ವರ್ಟರನ್ನು!

ರುಬ್ಬುವಾಗ ಇಂಜಿನ್ ಚಾಲೂ ಇರಲಿ. ಇನ್ವರ್ಟರಿನ ಕಟ್-ಆಫ್ (ತಾನಾಗಿ ನಿಲ್ಲುವ ಮಟ್ಟ) ಹೆಚ್ಚಾಗಿ 10.5 ವೋಲ್ಟ್ ಸುಮಾರಿಗೆ, ಅಲ್ಲಿಗೆ ಇಳಿದ ಬ್ಯಾಟರಿ ಕಾರನ್ನು ಸ್ಟಾರ್ಟ್ ಮಾಡಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಬೇಡವೇ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೇ ಇರಲ್ಲ.